ಹನ್ನೆರಡಕ್ಕೆ ಉಳಿದ ನೆರಳು

ಹೋದ ವಾರ ನನ್ನ ಹೆಂಡತಿ ಬನಹಟ್ಟಿಯ ಸೀರೆಯೊಂದನ್ನು ತಂದು ನನ್ನ ಮೇಜಿನ ಮೇಲೆ, ಉತ್ತರ ಪತ್ರಿಕೆಗಳ ಕಟ್ಟಿನ ಮೇಲೆಯೇ ಬಿಚ್ಚಿದಳು. “ಬಣ್ಣ ಹೆಂಗೈತ್ರಿ?” ಎಂದಳು. ನನಗೆ ಬಣ್ಣ ಕಾಣಲೇ ಇಲ್ಲ. ಹೊಸ ನೇಯ್ಗೆಯ ಗಂಜಿಯ ವಾಸನೆ ಮೂಗಿಗೆ ಬಡಿದು ಕಿವಿಗಳೆರಡೂ ಬಿಸಿಯಾದವು. “ಛಲೋ ಐತಿ” ಎಂದು ಗೊಣಗಿ ನೀರು ಕುಡಿಯುವ ನೆಪದಲ್ಲಿ ಎದ್ದು ಹೋದೆ. ಸೀರೆ ನೋಡಿ ಮುಖ ಕೆಂಪಾಗುವ ವಯಸ್ಸು ನನ್ನದಲ್ಲ. ಹೆಂಡತಿ ಅದಕ್ಕೆ ಏನರ್ಥ ಮಾಡಿಕೊಂಡಳೋ, ಕೇಳುವ ಧೈರ್ಯ ಮಾಡಲಿಲ್ಲ.

ಗಂಜಿಯ ವಾಸನೆಗೂ ನಾಚಿಕೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ಸ್ವಲ್ಪ ಸುತ್ತು ಹಾಕಿ ಬರುತ್ತೇನೆ. ನೇರವಾಗಿ ಹೇಳುವ ಗಂಡೆದೆ ನನಗಿದ್ದಿದ್ದರೆ ಮೂರು ವರ್ಷದ ಹಿಂದೆಯೇ ಹೇಳಿ ಮುಗಿಸಿರುತ್ತಿದ್ದೆ.

ನಾನು ವಿಶ್ವವಿದ್ಯಾಲಯವೊಂದರಲ್ಲಿ ಭೌತಶಾಸ್ತ್ರ ಕಲಿಸುವವನು. ಡಾಕ್ಟರೇಟ್ ಮಾಡಿದ್ದು ಹರಳುಗಳ ಮೇಲೆ. ಆಕಾಶದ ಕಡೆಗೆ ನಾನು ಕತ್ತೆತ್ತುವುದು, ಒಣಹಾಕಿದ ಬಟ್ಟೆ ಒಳಗೆ ತರಬೇಕೋ ಬೇಡವೋ ಎಂದು ನೋಡಲಿಕ್ಕೆ ಮಾತ್ರ. ಅಂಥವನಿಗೆ ಒಂದು ಮಳೆಗಾಲದಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು, ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸಿ ಬರುವ ಕೆಲಸ ಹಚ್ಚಿದರು. ಮುಧೋಳ, ರಬಕವಿ-ಬನಹಟ್ಟಿ, ಜಮಖಂಡಿ, ಬೀಳಗಿ: ನಾಲ್ಕು ತಾಲೂಕು, ಐದು ದಿನ, ಒಂದು ವ್ಯಾನು, ಒಂದು ದೂರದರ್ಶಕ, ಎರಡು ಬ್ಯಾನರು. ನಾನು ಜಮಖಂಡಿ ಬಳಿಯ ಹುನ್ನೂರಿನವನಾದ್ದರಿಂದ “ನಿಮಗೆ ಆ ಕಡೆಯ ಪರಿಚಯವಿದೆ” ಎಂಬುದು ನನ್ನ ಏಕೈಕ ಅರ್ಹತೆ.

ಇಂಥ ತರಬೇತಿಗಳಿಗೆ ನೀವು ಹೋಗಿದ್ದೀರೋ ಇಲ್ಲವೋ. ಮೊದಲ ಒಂದು ತಾಸು ಹೂಮಾಲೆ ಮತ್ತು ಶಾಲಿಗೆ. ಆಮೇಲೆ ಅವಲಕ್ಕಿ, ಚಹಾ. ಆಮೇಲೆ ಗ್ರೂಪ್ ಫೋಟೊ, ಯಾಕೆಂದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಜನ ಬಸ್ಸು ಹಿಡಿದಿರುತ್ತಾರೆ. ಅದೇ ಕಾರಣಕ್ಕೆ ಅಭಿಪ್ರಾಯ ಪತ್ರಗಳನ್ನೂ ನಾವು ಉಪನ್ಯಾಸಕ್ಕೆ ಮೊದಲೇ ತುಂಬಿಸಿಕೊಳ್ಳುತ್ತಿದ್ದೆವು. ನಾನಿನ್ನೂ ಬಾಯಿ ತೆರೆಯುವ ಮೊದಲೇ ನಲವತ್ತು ಜನ “ಅತ್ಯುತ್ತಮ” ಎಂದು ಗುರುತು ಹಾಕಿ ಕೊಟ್ಟಿರುತ್ತಿದ್ದರು. ನಗಬೇಡಿ. ಸಂಜೆ ಅವನ್ನೇ ಎಣಿಸುತ್ತ ನಾನು ಖುಷಿಪಟ್ಟದ್ದೂ ಉಂಟು.

ಬನಹಟ್ಟಿಯಲ್ಲಿ ನಮಗೆ ಸಿಕ್ಕಿದ್ದು ಮಗ್ಗಗಳ ಓಣಿಯ ನಡುವಿನ ಒಂದು ಸಭಾಭವನ. ಕಿಟಕಿ ತೆರೆದರೆ ಮಗ್ಗಗಳ ಸದ್ದು, ಮುಚ್ಚಿದರೆ ಸೆಕೆ. ತೆರೆದೇ ಇಟ್ಟೆವು, ಗಂಜಿಯ ವಾಸನೆ ಒಳಗೆ ಬಂತು. ಆ ದಿನ ನನ್ನ ವಿಷಯ ಶೂನ್ಯ ನೆರಳು. ವರ್ಷಕ್ಕೆ ಎರಡು ದಿನ ನಮ್ಮ ಸೀಮೆಯಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಮೇ ತಿಂಗಳಲ್ಲಿ ಶಾಲೆಗೆ ರಜೆ, ಆಗಸ್ಟ್ ಮೊದಲ ವಾರದ್ದು ಮಕ್ಕಳಿಗೆ ತೋರಿಸುವಂಥದ್ದು. ಬೋರ್ಡಿನ ಮೇಲೆ ಸೂರ್ಯನನ್ನೂ ಕಂಬವನ್ನೂ ಬರೆದು, ಕೆಳಗೆ ದೊಡ್ಡದಾಗಿ “ಮಧ್ಯಾಹ್ನ ಸರಿಯಾಗಿ ಹನ್ನೆರಡು” ಎಂದು ಬರೆದು ಎರಡು ಗೆರೆ ಎಳೆದೆ.

ಮೂರನೆಯ ಸಾಲಿನಲ್ಲಿ ಒಬ್ಬ ಶಿಕ್ಷಕಿ ಎದ್ದು ನಿಂತರು. ಐವತ್ತರ ಆಸುಪಾಸು, ಅದೇ ಊರಿನ ನೇಕಾರರ ಮನೆಯವರು. ದಾನಮ್ಮ ಎಂದು ಹೆಸರು. ಮಕ್ಕಳಿಗೆ ದಾನಮ್ಮ ಅಕ್ಕೋರು.

“ಸರ್ರ, ಹನ್ನೆರಡಕ್ಕ ಅಲ್ರಿ. ನಮ್ಮ ಕಡೆ ಹನ್ನೆರಡೂವರಿ ದಾಟತೈತ್ರಿ. ದೀಪಾವಳಿ ಮುಂದ ಸ್ವಲ್ಪ ಲಗೂ ಆಕೈತಿ, ಶಿವರಾತ್ರಿ ಮುಂದ ಇನ್ನೂ ತಡಾ ಆಕೈತಿ.”

ನಾನು ನಕ್ಕೆ. ಆ ನಗೆಯನ್ನು ಈಗ ನೆನೆದರೂ ಮೈ ಹಿಡಿಯಾಗುತ್ತದೆ. “ಮೇಡಂ, ಸೂರ್ಯ ನಮ್ಮ ಬಸ್ಸಲ್ಲ, ಹಬ್ಬಕ್ಕೊಂದು ಟೈಮಿಗೆ ಬರಲು. ಮೊದಲು ನಿಮ್ಮ ಶಾಲೆಯ ಗಡಿಯಾರಕ್ಕೆ ಹೊಸ ಸೆಲ್ ಹಾಕಿಸಿ” ಎಂದೆ. ಸಭೆಗೆ ಸಭೆಯೇ ನಕ್ಕಿತು. ಅವರ ಹೆಡ್‌ಮಾಸ್ತರರು ಎಲ್ಲರಿಗಿಂತ ಜೋರಾಗಿ ನಕ್ಕರು.

“ಗಡಿಯಾರ ಬರೋಬ್ಬರಿ ಐತ್ರಿ,” ಎಂದರು ದಾನಮ್ಮ ಅಕ್ಕೋರು, ದನಿ ಏರಿಸದೆ. “ದಾರ ತಂದೇನ್ರಿ. ನೋಡ್ತೀರೇನು?”

ಊಟಕ್ಕೆ ತಡವಾಗುತ್ತದೆ ಎಂದು ನಾನು ಮುಂದಿನ ಚಿತ್ರಕ್ಕೆ ಹೋದೆ. ಆದರೆ ಊಟದ ಹೊತ್ತಿನಲ್ಲಿ ಅವರೇ ನನ್ನ ಬಳಿ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಬಿದಿರಿನ ಕೋಲು. ಬಟ್ಟೆ ಬಿಚ್ಚಿದರೆ ಕೋಲಿನ ಉದ್ದಕ್ಕೂ ಸಾಲಾಗಿ ಇಳಿಬಿದ್ದ ನೂಲುಗಳು. ಶಾಲೆಯ ಅಂಗಳದಲ್ಲಿ ಎದೆಯೆತ್ತರದ ಒಂದು ಕಬ್ಬಿಣದ ಪೈಪು ನೆಟ್ಟಿದ್ದಾರಂತೆ. ಪ್ರತಿ ಸೋಮವಾರ ಮಕ್ಕಳು ಮಧ್ಯಾಹ್ನ ಅದರ ನೆರಳಿನ ತುದಿಗೆ ಕಲ್ಲಿನ ಹರಳು ಇಡುತ್ತ ಕೂತು, ಎಲ್ಲಕ್ಕಿಂತ ಗಿಡ್ಡ ನೆರಳಿನ ಹೊತ್ತು ಬರೆದುಕೊಂಡು, ಅದರ ಅಳತೆಗೆ ಒಂದು ನೂಲು ಕತ್ತರಿಸಿ ಕೋಲಿಗೆ ಕಟ್ಟುವುದು. ನೆರಳು ಬಡಗಣಕ್ಕೆ ಬಿದ್ದರೆ ಬಿಳಿ ನೂಲು, ತೆಂಕಣಕ್ಕೆ ಬಿದ್ದರೆ ಕೆಂಪು. ಚಳಿಗಾಲದ ಉದ್ದ ನೂಲುಗಳು ವಾರವಾರಕ್ಕೂ ಗಿಡ್ಡವಾಗುತ್ತ, ಮೇ ತಿಂಗಳ ಖಾಲಿ ಜಾಗ ದಾಟಿ, ಚೋಟುದ್ದ ಕೆಂಪಾಗಿ, ಆಗಸ್ಟಿನಲ್ಲಿ ಬರೀ ಒಂದು ಗಂಟಾಗಿ, ಮತ್ತೆ ಬಿಳಿಯಾಗಿ ಬೆಳೆಯುತ್ತಿದ್ದವು. ಇಡೀ ಒಂದು ವರ್ಷ ಆ ಕೋಲಿಗೆ ತೂಗುಬಿದ್ದಿತ್ತು. ಇಂಥ ಆರು ಕೋಲು ಶಾಲೆಯಲ್ಲಿವೆ ಎಂದರು.

ನೋಡಿದ ತಕ್ಷಣ ನನ್ನ ಮಾತಿನ ಮೇಲೆ ನನಗೇ ಅನುಮಾನ ಬಂತು ಎಂದೇ ಹೇಳಿಬಿಡುತ್ತೇನೆ. ಹೊತ್ತು ತಪ್ಪಿ ಅಳೆದವರ ನೂಲು ಇಷ್ಟು ಸಲೀಸಾಗಿ ಇಳಿದು ಏರುವುದಿಲ್ಲ. ಆದರೆ ತಟ್ಟೆ ಹಿಡಿದು ಸುತ್ತ ಹತ್ತು ಜನ ನಿಂತಿದ್ದರು, ಹೆಗಲ ಮೇಲೆ ಇನ್ನೂ ಶಾಲು ಇತ್ತು. “ಒಳ್ಳೆಯ ಪ್ರಯತ್ನ. ಈ ವರ್ಷದಿಂದ ಸರಿಯಾಗಿ ಹನ್ನೆರಡಕ್ಕೆ ಅಳೆಯಿರಿ” ಎಂದೆ.

“ಹಂಗಾರ ಇಷ್ಟ ವರ್ಷದ್ದು?”

“ಅದನ್ನು ಬಿಡಿ.”

ಅವರು ನೂಲುಗಳು ಸಿಕ್ಕಾಗದಂತೆ ಒಂದೊಂದಾಗಿ ಸರಿಪಡಿಸಿ ಮತ್ತೆ ಬಟ್ಟೆ ಸುತ್ತಿದರು.

ಸಂಜೆ ಜಮಖಂಡಿಯಲ್ಲಿ ಚಹಾ ಕುಡಿಯುತ್ತ ಕೂತಾಗ ಎಲ್ಲ ಹೊಳೆಯಿತು. ಹೊಳೆಯಲು ಐದು ನಿಮಿಷವೂ ಬೇಕಾಗಲಿಲ್ಲ. ಇಡೀ ದೇಶಕ್ಕೆ ನಾವು ಇಟ್ಟುಕೊಂಡಿರುವುದು ಒಂದೇ ಗಡಿಯಾರ, ಅದು ನಮಗಿಂತ ಎಷ್ಟೋ ಪೂರ್ವದಲ್ಲಿರುವ ಊರುಗಳ ಹೊತ್ತು ಹೇಳುತ್ತದೆ. ಸೂರ್ಯ ಅವರ ನೆತ್ತಿ ದಾಟಿ ನಮ್ಮ ನೆತ್ತಿಗೆ ಬರಲು ಅರ್ಧ ತಾಸು ಬೇಕು. ಹಬ್ಬದಿಂದ ಹಬ್ಬಕ್ಕೆ ಹೊತ್ತು ಹಿಂದೆ ಮುಂದೆ ಆಗುತ್ತದೆಂದು ಅಕ್ಕೋರು ಹೇಳಿದ್ದೂ ಅಕ್ಷರಶಃ ಖರೆ; ಅದು ಬಿ.ಎಸ್ಸಿ. ಪುಸ್ತಕದಲ್ಲೇ ಇದೆ, ನಾನೇ ಓದಿ ಪಾಸಾಗಿದ್ದೇನೆ. ಹಾಜರಿ ಪಟ್ಟಿಯಲ್ಲಿ ಅವರ ಫೋನ್ ನಂಬರಿತ್ತು. ನಾನು ಫೋನ್ ಮಾಡಲಿಲ್ಲ.

ಮಾಡಿದ್ದೇನು ಗೊತ್ತೇ? ಮರುದಿನ ಬೀಳಗಿಯಲ್ಲಿ ಅದೇ ಬೋರ್ಡು, ಅದೇ ಕಂಬ, ಕೆಳಗೆ “ಹನ್ನೆರಡೂ ಮೂವತ್ತೈದು”. “ಬಹಳ ಜನ ಹನ್ನೆರಡಕ್ಕೆ ಅಂದುಕೊಳ್ಳುತ್ತಾರೆ, ಶಿಕ್ಷಕರೂ ಕೂಡ” ಎಂದೆ. ನೆರಳನ್ನು ನೂಲಿನಿಂದ ಅಳೆದು ಕೋಲಿಗೆ ಕಟ್ಟುವ ಉಪಾಯವನ್ನೂ ಹೇಳಿಕೊಟ್ಟೆ, ಯಾರದ್ದೆಂದು ಹೇಳದೆ. ಚಪ್ಪಾಳೆ ಬಿತ್ತು. ಕಳ್ಳನಿಗೂ ಒಂದು ಮರ್ಯಾದೆ ಇರುತ್ತದೆ, ಕದ್ದ ಮಾಲನ್ನು ಪಕ್ಕದ ತಾಲೂಕಿನಲ್ಲಿ ಮಾರುವುದಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಮರೆತುಬಿಡುತ್ತಿದ್ದೆನೇನೋ. ಆಗಸ್ಟ್ ಬಂತು. ಶೂನ್ಯ ನೆರಳಿನ ದಿನ ಹನ್ನೆರಡು ದಾಟಿ ಐದು ನಿಮಿಷಕ್ಕೆ ಬನಹಟ್ಟಿಯ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೊ ಬಂತು. ಪೈಪಿನ ಸುತ್ತ ಮಕ್ಕಳು. ನಡುವೆ ಗೇಣುದ್ದದ ನೆರಳು. ಕೆಳಗೆ ದಾನಮ್ಮ ಅಕ್ಕೋರು ಬರೆದಿದ್ದರು: “ಸರ್, ತಾವು ಹೇಳಿದಂತೆ ಸರಿಯಾಗಿ ಹನ್ನೆರಡಕ್ಕೆ ನೋಡಿದೆವು. ನೆರಳು ಉಳಿದಿದೆ. ನಮ್ಮ ಪೈಪು ವಾಲಿರಬೇಕು. ಮಕ್ಕಳಿಗೂ ಹಾಗೇ ಹೇಳಿದ್ದೇನೆ. ಕ್ಷಮೆ ಇರಲಿ.”

ಇನ್ನೂ ಅರ್ಧ ತಾಸು ಇತ್ತು. “ತಡೆಯಿರಿ, ತಪ್ಪು ನನ್ನದು, ಹನ್ನೆರಡೂವರೆಗೆ ಮಕ್ಕಳನ್ನು ಮತ್ತೆ ಕರೆಯಿರಿ” ಎಂದರೆ ಆಗಿಹೋಗುತ್ತಿತ್ತು. ಬರೆದೆ, ಅಳಿಸಿದೆ. ಗುಂಪಿನಲ್ಲಿ ನಲವತ್ತು ಶಿಕ್ಷಕರಿದ್ದರು, ನಮ್ಮ ಮುಖ್ಯಸ್ಥರೂ ಇದ್ದರು. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಹನ್ನೆರಡೂ ಇಪ್ಪತ್ತಾಯಿತು, ಮೂವತ್ತಾಯಿತು, ನಲವತ್ತಾಯಿತು. ಕೊನೆಗೆ ಒಂದು ಕೈಮುಗಿದ ಚಿತ್ರ ಕಳಿಸಿದೆ.

ಮರುದಿನ ಹನ್ನೆರಡಕ್ಕೆ ಇನ್ನೊಂದು ಫೋಟೊ: “ಸರ್, ಹೆಡ್‌ಮಾಸ್ತರರು ಹೇಳಿದಂತೆ ಪೈಪನ್ನು ಸರಿಪಡಿಸಿದ್ದೇವೆ. ಈಗ ಹನ್ನೆರಡಕ್ಕೆ ನೆರಳಿಲ್ಲ. ಧನ್ಯವಾದಗಳು.” ನಿಜ, ನೆರಳಿರಲಿಲ್ಲ. ಹಿಂದಿನ ಗೋಡೆಯ ಅಂಚು ನೆಟ್ಟಗಿತ್ತು. ಪೈಪು ಅದರ ಮುಂದೆ ಗೇಣಿನಷ್ಟು ಮೂಡಣಕ್ಕೆ ಬಾಗಿ ನಿಂತಿತ್ತು. ನನ್ನ ಮಾತು ನಿಲ್ಲಲೆಂದು ಅದನ್ನು ಬಗ್ಗಿಸಿದ್ದರು. ಮುಖ್ಯಸ್ಥರು “ಅಭಿನಂದನೆಗಳು” ಎಂದು ಬರೆದರು. ಆ ಫೋಟೊ ವಾರ್ಷಿಕ ವರದಿಯಲ್ಲಿ ನನ್ನ ಹೆಸರಿನೊಂದಿಗೆ ಅಚ್ಚಾಯಿತು.

ಸೀರೆ ಮಡಿಸಿಟ್ಟ ಮೇಲೆ, ಮೂರು ವರ್ಷ ಹಳೆಯ ಹಾಜರಿ ಪಟ್ಟಿ ಹುಡುಕಿ ದಾನಮ್ಮ ಅಕ್ಕೋರಿಗೆ ಫೋನ್ ಮಾಡಿದೆ. ಅವರಿಗೆ ನನ್ನ ದನಿ ಗುರುತು ಸಿಕ್ಕಿತು. ಎಲ್ಲ ಹೇಳಿದೆ, ಬೀಳಗಿಯದ್ದೂ ಬಿಡಲಿಲ್ಲ.

“ಗ್ವಾಡಿ ಕಟ್ಟೋ ಗೌಂಡಿ ಹೇಳಿದ್ದ ನೋಡ್ರಿ ಸರ್ರ. ದಾರಕ್ಕ ತೂಕದ ಗುಂಡು ಕಟ್ಟಿ ಇಳಿಬಿಟ್ಟು ನೋಡಿ, ‘ಅಕ್ಕೋರ, ಪೈಪು ನೆಟ್ಟಗ ಐತಿ, ಯಾಕ ಬಗ್ಗಸ್ತೀರಿ’ ಅಂದ. ಹೆಡ್‌ಮಾಸ್ತರು ‘ಯುನಿವರ್ಸಿಟಿಯವ್ರು ಹೇಳಿದ ಮ್ಯಾಲ ಮುಗೀತು’ ಅಂದ್ರು. ನಾನೂ ಸುಮ್ಮನಾದೆ. ಅದು ನನ್ನ ತಪ್ಪು.” ಆಮೇಲೆ ಅಂದರು: “ಬೀಳಗಿ ಮಂದಿಗಾದ್ರೂ ಖರೆ ಹೇಳಿದ್ರಲ್ಲ, ಬಿಡ್ರಿ.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕ್ಷಮಿಸಿ ಎಂದೆ.

“ನನಗ್ಯಾಕ್ರಿ? ಆ ಹುಡುಗರು ಈಗ ಹೈಸ್ಕೂಲ್‌ನ್ಯಾಗ ಅದಾರ. ಶನಿವಾರ ನಮ್ಮ ಸಾಲಿಗೆ ಕರಸ್ತೇನಿ, ಬಂದು ಅವರಿಗೆ ಹೇಳ್ರಿ.”

ಬೀಳಗಿಯ ಶಿಕ್ಷಕರ ಗುಂಪಿಗೂ ಬನಹಟ್ಟಿಯ ಗುಂಪಿಗೂ ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿ, ಶನಿವಾರ ಬಸ್ಸು ಹತ್ತಿದೆ. ಮಕ್ಕಳು ಇಪ್ಪತ್ತು ಜನ ಬಂದಿದ್ದರು; ಒಂಬತ್ತನೇ ಕ್ಲಾಸು, ಎಲ್ಲರಿಗೂ ಉದ್ದನೆಯ ಕಾಲು. ಆಗ ಅವರು ಕೂತಿದ್ದ ಬೆಂಚುಗಳಲ್ಲೇ ಇಕ್ಕಟ್ಟಾಗಿ ಕೂತರು. ಭಾಷಣ ಮಾಡಲು ಹೋಗಲಿಲ್ಲ. ನಾನು ಹೇಳಿದ್ದು ತಪ್ಪು, ನಿಮ್ಮ ಅಕ್ಕೋರು ಹೇಳಿದ್ದು ಖರೆ, ಅದು ಗೊತ್ತಿದ್ದೂ ಅವತ್ತು ಬಾಯಿ ಬಿಡಲಿಲ್ಲ ಎಂದೆ.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದಳು. “ಸರ್ರ, ಅವತ್ತ ಊಟಾ ಆದಮ್ಯಾಲ ನಾ ತಾಟು ತೊಳಿಯಾಕ ಹೊರಗ ಬಂದಿದ್ನಿರಿ. ಪೈಪಿಗೆ ನೆರಳು ಇರಲಿಲ್ರಿ. ಒಂದೀಟೂ ಇರಲಿಲ್ಲ. ನನ್ನ ಕಣ್ಣ ತಪ್ಪಿರಬೇಕು ಅಂತ ಯಾರ ಮುಂದನೂ ಹೇಳಲಿಲ್ರಿ.”

ದಾನಮ್ಮ ಅಕ್ಕೋರು ಸೆರಗು ಬಾಯಿಗೆ ಹಿಡಿದರು. ಮೂರು ವರ್ಷ ಈ ಹುಡುಗಿ ತನ್ನ ಕಣ್ಣನ್ನೇ ಅನುಮಾನಿಸಿದ್ದಳು. ಅದನ್ನು ಕಲಿಸಿದವನು ನಾನು.

“ನಿನ್ನ ಕಣ್ಣು ಬರೋಬ್ಬರಿ ಇತ್ತವಾ. ನೀ ನೋಡಿದ್ದು ಖರೆ” ಎಂದೆ.

ಅವಳು ಕೂರಲಿಲ್ಲ. “ಅವತ್ತ ಆ ಹೊತ್ತಿನ್ಯಾಗ ನೀವೂ ನೋಡಿದ್ರೇನ್ರಿ?”

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದೂ ಇತ್ತು. ಅವತ್ತು ಆ ಹೊತ್ತಿನಲ್ಲಿ ನಾನು ಕೋಣೆಯ ಬಾಗಿಲು ಹಾಕಿಕೊಂಡು ಫೋನು ನೋಡುತ್ತ ಕೂತಿದ್ದೆ.

“ಇಲ್ಲವಾ,” ಎಂದೆ, “ನಾ ನೋಡಲಿಲ್ಲ.”

ಹುಡುಗಿ ತಲೆಯಾಡಿಸಿ ಕೂತಳು. ನೀವೇ ನೋಡದೆ ನಮಗೆ ಹೇಳಿದಿರಾ ಎಂದು ಕೇಳಲಿಲ್ಲ; ಕೇಳುವ ಅಗತ್ಯವೂ ಇರಲಿಲ್ಲ.

ಇದನ್ನು ಇಲ್ಲಿಯವರೆಗೆ ಬರೆಯುವಷ್ಟರಲ್ಲಿ ಹನ್ನೆರಡೂ ಕಾಲಾಗಿದೆ, ಹೊರಗೆ ಬಿಸಿಲಿದೆ. ಪೆನ್ನು ಇಡುತ್ತೇನೆ. ಹೋಗಿ ನೆರಳು ನೋಡಬೇಕು.