ಯಾರ ಪ್ರತಿ ಹೊರಗೆ ಹೋಯಿತು

ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಆ ಹೆಂಗಸಿಗೆ ಬೀಗದಕ್ಕ ಎಂದು ಹೆಸರಿಟ್ಟಿದ್ದರು. ಪ್ರೀತಿಯಿಂದಲ್ಲ, ಹೊಟ್ಟೆ ಉರಿದು. ಯಾವ ವೈದ್ಯರಿಗೇ ಚಿತ್ರ ಕಳಿಸಲಿ, ಅದು ದಾರಿಯಲ್ಲಿ ಯಾರಿಗೂ ತೆರೆಯದ ಹಾಗೆ ಗುಪ್ತಲಿಪಿಯ ಬೀಗ ಜಡಿದು ಕಳಿಸುವಳು. ಬಿಡಿಸುವ ಗುಟ್ಟಿನ ಪದವನ್ನು ಬರೆದುಕೊಡುವವಳಲ್ಲ, ಫೋನಿನಲ್ಲಿ ಬಾಯಿಬಿಟ್ಟೇ ಹೇಳುವಳು.

"ಒಂದು ಫೋಟೋ ನೋಡೋಕೆ ಇಷ್ಟು ರಗಳೆನಾ?" ಎಂದು ವೈದ್ಯರು ಸಿಡುಕುತ್ತಿದ್ದರು.

"ಬೇಕಾದ್ರೆ ಕೇಳಿಸ್ಕೊಳ್ಳಿ, ಬೇಡ ಅಂದ್ರೆ ಬಿಡಿ." ಅವಳಿಗೂ ಕೋಪ ಮೂಗಿನ ತುದಿಯಲ್ಲೇ.

ಒಂದು ಬೆಳಿಗ್ಗೆ ಹೆಸರಾಂತ ಓಟಗಾರ್ತಿಯೊಬ್ಬಳ ಮುರಿದ ಕಾಲಿನ ಚಿತ್ರ ಎಲ್ಲರ ಮೊಬೈಲಿನಲ್ಲೂ ಹರಿದಾಡಿತು. ಇಂಥದಕ್ಕೇ ಕಾದಿದ್ದವರಂತೆ ಎಲ್ಲರೂ ಬೀಗದಕ್ಕನ ತಲೆಯ ಮೇಲೆ ಗೂಬೆ ಕೂರಿಸಿದರು. ಆಸ್ಪತ್ರೆಯ ಮೇಲ್ವಿಚಾರಕ, ವೈದ್ಯರೆಲ್ಲರ ಮುಂದೆಯೇ ಅಬ್ಬರಿಸಿದ: "ನಿನ್ನ ಕೋಣೆ, ನಿನ್ನ ಬೀಗ. ನೀನಲ್ದೆ ಇನ್ಯಾರು? ನಾಳೆಯಿಂದ ಬರಬೇಡ."

ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಆದರೂ ಜಗ್ಗಲಿಲ್ಲ.

"ಪ್ರತಿಯೊಂದು ಪ್ರತಿಯೊಳಗೂ, ಅದು ಯಾರಿಗೆ ಹೋಗುತ್ತೋ ಅವರ ಹೆಸರು ಹುದುಗಿಸಿಟ್ಟಿರ್ತೀನಿ. ಕಣ್ಣಿಗೆ ಕಾಣಲ್ಲ, ಬೀಗ ತೆಗೆದ್ರೂ ಅಳಿಸಿಹೋಗಲ್ಲ. ಕೊಡಿ ಇಲ್ಲಿ ಆ ಚಿತ್ರಾನ."

ವೈದ್ಯರು ಮುಖ ಮುಖ ನೋಡಿಕೊಂಡರು. ಇವರಲ್ಲೇ ಒಬ್ಬನ ಹೆಸರು ಬರಲಿ, ಮುಖಕ್ಕೆ ರಾಚುವ ಹಾಗೆ ಓದುತ್ತೇನೆ ಎಂದು ಹಲ್ಲು ಕಚ್ಚಿ ಅವಳು ಕಂಪ್ಯೂಟರಿನ ಮುಂದೆ ಕುಳಿತಳು. ಪರದೆಯ ಮೇಲೆ ಮೂಡಿದ್ದು, ಸಲಹೆಗೆಂದು ಅವಳೇ ಚಿತ್ರ ಕಳಿಸಿದ್ದ ಬೇರೊಂದು ಊರಿನ ಹಿರಿಯ ಮೂಳೆ ವೈದ್ಯರ ಹೆಸರು. ಅವಳಿಗೆ ಈ ಕೆಲಸ ಕಲಿಸಿದವರು, ಬಾಯ್ತುಂಬ ಮಗಳೇ ಎನ್ನುವವರು. ಅಯ್ಯೋ, ಇವರೇ ಆಗಬೇಕಿತ್ತೇ!

"ದೊಡ್ಡವರ ಹೆಸರು ನೀನೇ ತುರುಕಿರ್ತೀಯ," ಎಂದು ಮೇಲ್ವಿಚಾರಕ ಕುಹಕವಾಡಿದ. "ಅವರೇ ಒಪ್ಪಲಿ, ನಂಬ್ತೀನಿ."

ಅವಳು ಫೋನನ್ನು ಮೇಜಿನ ಮೇಲಿಟ್ಟು, ಸ್ಪೀಕರ್ ಹಾಕಿ ಕರೆ ಮಾಡಿದಳು.

"ಹೇಳು ಮಗಳೇ."

"ಓಟಗಾರ್ತಿ ಚಿತ್ರ ಯಾರಿಗೆ ಕೊಟ್ರಿ?"

ಆ ಕಡೆ ದನಿ ಇಳಿಯಿತು. "ಅಳಿಯ ಪತ್ರಿಕೆಯವನು, ಪ್ರಾಣ ತಿಂದ್ಬಿಟ್ಟ ಕಣಮ್ಮ. ಗೊತ್ತಾದ್ರೆ ನನ್ನ ಮಾನ ಹೋಗುತ್ತೆ. ನಿನ್ನ ಕೈತಪ್ಪು ಅಂದ್ಬಿಡು. ನಿನಗೇನು, ಇನ್ನೆಲ್ಲಾದ್ರೂ ಕೆಲಸ ಸಿಗುತ್ತೆ."

ಅಷ್ಟು ಹೊತ್ತು ಅವರ ಮೇಲೆ ಅವಳಿಗೆ ಬರೀ ಸಂಕಟವಿತ್ತು. ಈಗ ಮೈಯೆಲ್ಲ ಉರಿದುಹೋಯಿತು.

"ಸ್ಪೀಕರ್ ಹಾಕಿದೀನಿ, ಗುರುಗಳೇ. ಎಲ್ಲರೂ ಕೇಳಿಸ್ಕೊಂಡ್ರು."

ಮೇಲ್ವಿಚಾರಕ ಗೋಡೆಯ ಕಡೆ ನೋಡುತ್ತಾ, "ಹೋಗು, ಕೆಲಸ ನೋಡು," ಎಂದ. ತಪ್ಪಾಯಿತು ಎನ್ನುವ ಬಾಯಿ ಅದಲ್ಲ ಬಿಡಿ. ಅವಳು ತನ್ನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ತಂದೆ ಸತ್ತಾಗಲೂ ಅಳದಷ್ಟು ಅತ್ತಳು.