ಒಂದು ಹನಿ ರಕ್ತವೂ ಕಾಣಲಿಲ್ಲ

ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ನರ್ಸ್. ರಜೆ ಸಿಕ್ಕಾಗ ಟೇಕಲ್ ಹತ್ತಿರದ ನಮ್ಮೂರಿಗೆ, ಅಣ್ಣನ ಮನೆಗೆ ಹೋಗುತ್ತಿದ್ದೆ. ಅಂಥ ಒಂದು ಮಧ್ಯಾಹ್ನ ಅಣ್ಣ ತನ್ನ ಮಗಳನ್ನು ಎತ್ತಿಕೊಂಡು ತೋಟದಿಂದ ಬಂದ. ಟೆಂಪೋಗೆ ಟೊಮೆಟೊ ತುಂಬುವಾಗ ಕ್ರೇಟೊಂದು ಜಾರಿ, ಹಿಂದೆ ನಿಂತಿದ್ದ ಅವಳ ಮೇಲೆ ಬಿದ್ದಿತ್ತು.

"ಏನೂ ಆಗಿಲ್ಲ ಕಣೇ, ಒಂದು ಗೀರೂ ಇಲ್ಲ. ಆಗ ಜೋರಾಗಿ ಅತ್ತಳು, ಈಗ ಸುಮ್ಮನಾಗಿದ್ದಾಳೆ" ಅಂದ.

ಆ ಸುಮ್ಮನಿರುವುದೇ ನನಗೆ ದಿಗಿಲು ಹುಟ್ಟಿಸಿತು. ಆರು ವರ್ಷದವಳು, ಮುಳ್ಳು ಚುಚ್ಚಿದರೂ ಬೀದಿಗೆಲ್ಲ ಕೇಳುವಂತೆ ಅಳುವವಳು. ಈಗ ಚಾಪೆಯ ಮೇಲೆ ಮಲಗಿ ಸೂರು ನೋಡುತ್ತಿದ್ದಳು. ತುಟಿ ಬಿಳಿಚಿತ್ತು. ಅಂಥ ಬಿಸಿಲಲ್ಲೂ ಪಾದಗಳು ತಣ್ಣಗೆ ಬೆವೆತಿದ್ದವು. ನಾಡಿ ಬೆರಳಿಗೆ ಸರಿಯಾಗಿ ಸಿಗದಷ್ಟು ಸಣ್ಣಗೆ ಓಡುತ್ತಿತ್ತು. ಉಗುರನ್ನು ಒತ್ತಿ ಬಿಟ್ಟೆ. ಕೂಡಲೇ ಮರಳಬೇಕಾದ ಕೆಂಪು ಬಹಳ ತಡವಾಗಿ ಮರಳಿತು. ಅಂಗಿ ಎತ್ತಿದರೆ ಪಕ್ಕೆಲುಬಿನ ಕೆಳಗೆ ಕ್ರೇಟಿನ ಅಂಚು ಒತ್ತಿದ ಗುರುತು. ಹೊಟ್ಟೆ ಬಿಗಿದಿತ್ತು.

ಅತ್ತಿಗೆ ನೀರು ತಂದರು.

"ಬೇಡ ಅತ್ತಿಗೆ, ಏನೂ ಕುಡಿಸ್ಬೇಡಿ. ಹೊಟ್ಟೆ ಒಳಗೆ ರಕ್ತ ಹೋಗ್ತಿದೆ. ಆಪರೇಷನ್ ಮಾಡ್ಬೇಕಾಗುತ್ತೆ."

"ಒಂದು ಹನಿ ರಕ್ತಾನೂ ಇಲ್ವಲ್ಲಮ್ಮಾ!"

ಪಕ್ಕದ ಮನೆಯವರ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅವಳನ್ನು ಮಲಗಿಸಿ ಕಂಬಳಿ ಹೊದಿಸಿದೆ. ರಕ್ತ, ಸರ್ಜನ್ ಎರಡೂ ಸಿದ್ಧವಿರಲಿ ಎಂದು ನಮ್ಮ ಆಸ್ಪತ್ರೆಗೆ ಫೋನ್ ಮಾಡಿದೆ. ದಾರಿಯುದ್ದಕ್ಕೂ "ಅತ್ತೇ, ನೀರು" ಅನ್ನುತ್ತಿದ್ದವಳು ಕೋಲಾರ ಹತ್ತಿರವಾದಂತೆ ಕೇಳುವುದನ್ನೇ ಬಿಟ್ಟಳು. ಮಾತಾಡಿಸಿದರೆ ಮಾತ್ರ ಕಣ್ಣು ತೆರೆಯುತ್ತಿದ್ದಳು.

ಆಸ್ಪತ್ರೆಯಲ್ಲಿ ಬಿಪಿ ಸರಿಯಾಗಿಯೇ ಇತ್ತು. ಅಣ್ಣ ಗೋಡೆಗೊರಗಿ ಉಸಿರು ಬಿಟ್ಟ. ಡಾಕ್ಟರ್ ಮುಖದಲ್ಲಿ ಮಾತ್ರ ಆ ನೆಮ್ಮದಿ ಇರಲಿಲ್ಲ.

"ಮಕ್ಕಳ ಮೈ ಬಿಪಿನ ಕೊನೇವರೆಗೂ ಹಿಡಿದಿಟ್ಕೊಳ್ಳುತ್ತೆ. ಬಿಟ್ರೆ ಒಂದೇ ಸಲ ಬಿಡೋದು. ಕಾಯೋಕಾಗಲ್ಲ" ಎನ್ನುತ್ತಲೇ ಸ್ಟ್ರೆಚರ್ ಹಿಡಿದರು.

ರಕ್ತ ಏರಿಸುತ್ತಲೇ ಆಪರೇಷನ್ ಥಿಯೇಟರಿನೊಳಗೆ ಕರೆದೊಯ್ದರು. ಟೇಬಲ್ ಮೇಲೆ ಬಿಪಿ ಕುಸಿಯಿತು. ಪಿತ್ತಜನಕಾಂಗ ಆಳವಾಗಿ ಸೀಳಿಹೋಗಿತ್ತು. ಅವರು ಬಹಳ ಹೊತ್ತು ಹೋರಾಡಿದರು. ನಾನೂ ಅಲ್ಲೇ ನಿಂತಿದ್ದೆ. ಹೃದಯ ನಿಂತ ಮೇಲೆ ಮತ್ತೆ ಬಡಿಯಲಿಲ್ಲ.

ಹೊರಗೆ ಬಂದು ಹೇಳಬೇಕಾದವಳು ನಾನೇ. ಅಣ್ಣ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಅತ್ತಿಗೆ ಅಳಲಿಲ್ಲ, ನನ್ನ ಕೈ ಹಿಡಿದುಕೊಂಡು ಕೇಳಿದರು:

"ಕಾರಲ್ಲಿ ಮಾತಾಡ್ತಿದ್ಳಲ್ವಾ ನಮ್ಮ ಪಾಪು?"

"ಹ್ಞೂ ಅತ್ತಿಗೆ, ಮಾತಾಡ್ತಿದ್ಳು."

ಅವರು ಮತ್ತೆ ಅದನ್ನೇ ಕೇಳಿದರು. ನಾನು ಮತ್ತೆ ಅದನ್ನೇ ಹೇಳಿದೆ.