ಹೊಳೆಯ ಮಟ್ಟ ಕೇಳುತ್ತಿದ್ದ ಮೇಡಂ

ಮೇಡಂ ಸೀರೆಯ ಕೆಳಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರು. ಬಿಳಿ ಬೂಟು ಎನ್ನಬೇಕಷ್ಟೇ. ನಾನು ಕಂಡಾಗಿನಿಂದ ಅದಕ್ಕೆ ಹೊಳೆದಂಡೆಯ ಕೆಸರಿನ ಬಣ್ಣವಿತ್ತು. ಗಂಗಾವತಿಯ ಸಣ್ಣ ಖಾಸಗಿ ಕಚೇರಿಯೊಂದರಲ್ಲಿ ಮಳೆನೀರಿನ ಚರಂಡಿಗಳ ನಕ್ಷೆ ಮಾಡುವುದು ನಮ್ಮ ಕೆಲಸ. ಅವರು ಹಿರಿಯ ಎಂಜಿನಿಯರ್. ನಾನು ಆಗಷ್ಟೇ ಡಿಪ್ಲೊಮಾ ಮುಗಿಸಿ ಸೇರಿದವನು.

ನನ್ನ ಮೊದಲ ನಕ್ಷೆಯಲ್ಲಿ ಮಳೆ ಎಷ್ಟು, ಇಳಿಜಾರು ಎಷ್ಟು, ಚರಂಡಿ ಎಷ್ಟು ಅಗಲ ಎಂಬುದನ್ನೆಲ್ಲ ಊರಿನ ಮೇಲ್ಗಡೆಯಿಂದ ಶುರುಮಾಡಿ ಬರೆದಿದ್ದೆ. ಅವರು ಬೆರಳಿಟ್ಟದ್ದು ಚರಂಡಿ ಹಳ್ಳಕ್ಕೆ ಬೀಳುವ ಕೊನೆಯ ಜಾಗದ ಮೇಲೆ.

"ಇಲ್ಲೆ ಹಳ್ಳದ ನೀರು ಎಷ್ಟು ಎತ್ತರ ಇರ್ತೈತಿ?"

"ಹಳ್ಳ ಒಣಗೇ ಐತ್ರಿ ಮೇಡಂ. ನಾನೇ ಹೋಗಿ ನೋಡೀನಿ."

"ಯಾವಾಗ ಹೋಗಿದ್ದಿ?"

"ಹೋದ ತಿಂಗಳ್ರಿ."

"ಬ್ಯಾಸಗ್ಯಾಗ ನೋಡಿದ್ರ ಒಣಗೇ ಇರ್ತೈತಿ, ತಮ್ಮಾ. ಮಳಿ ಬಿದ್ದ ದಿನಾ ಹೆಂಗಿರ್ತೈತಿ ಅದನ್ನ ಹೇಳು."

ಹಳ್ಳದ ನೀರು ಚರಂಡಿಯ ಬಾಯಿಗಿಂತ ಮೇಲಿದ್ದರೆ ಊರಿನ ನೀರು ಇಳಿಯುವುದಿಲ್ಲ. ಹಳ್ಳದ ನೀರೇ ಊರಿಗೆ ಹತ್ತುತ್ತದೆ. ಅದಕ್ಕೇ ಅವರ ಲೆಕ್ಕ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಅಣೆಕಟ್ಟಿರುವ ಮುನಿರಾಬಾದಿಗೆ ಹೋಗಿ, ಅಲ್ಲಿಂದ ಹೆಚ್ಚು ನೀರು ಬಿಟ್ಟ ವರ್ಷಗಳ ವಿವರ ಬರೆದು ತರುತ್ತಿದ್ದರು. ಆಮೇಲೆ ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಲು ಮನೆಮನೆಗೆ ಹೋಗುತ್ತಿದ್ದರು. ಗಂಡಸರು ಎದೆಮಟ್ಟಕ್ಕೆ ಕೈ ತೋರಿಸುತ್ತಿದ್ದರು. ಅದನ್ನು ಮೇಡಂ ಬರೆದುಕೊಳ್ಳುತ್ತಿರಲಿಲ್ಲ. ನೇರ ಅಡುಗೆಮನೆಗೆ ನಡೆದು, "ಹಿಟ್ಟಿನ ಡಬ್ಬಿ ತೊಯ್ದಿತ್ತೇನ್ರಿ? ಅವತ್ತ ಅದನ್ನ ಎಲ್ಲಿ ಇಟ್ಟಿದ್ರಿ?" ಎಂದು ಹೆಂಗಸರನ್ನು ಕೇಳಿ, ಅಲ್ಲಿಗೆ ಟೇಪು ಹಿಡಿಯಲು ನನಗೆ ಹೇಳುತ್ತಿದ್ದರು.

ಅವರು ಇದ್ದದ್ದು ಆನೆಗೊಂದಿ ಕಡೆ, ಹೊಳೆದಂಡೆಯ ಊರೊಂದರ ತಗ್ಗಿನ ಓಣಿಯಲ್ಲಿ, ಬಾಡಿಗೆಗೆ. ದಿನಾ ಅಷ್ಟು ದೂರದಿಂದ ಬಸ್ಸಿನಲ್ಲಿ ಓಡಾಡುವುದೇಕೆಂದು ನನಗೆ ಅರ್ಥವಾಗಿರಲಿಲ್ಲ. ಒಮ್ಮೆ ಸಹಿ ಹಾಕಿಸಲು ಹೋದಾಗ ಮನೆಯೊಡತಿ ಹೇಳಿದರು. ಬಟ್ಟೆ ಹೊಲಿದು ಜೀವನ ಮಾಡುವ ಹೆಂಗಸು.

"ಈ ಓಣಿ ಗಟಾರದ ಲೆಕ್ಕ ಮಾಡಿದಾಕಿ ಈಕಿನ ನೋಡ್ರಿ. ಒಂದ ವರ್ಷ ಡ್ಯಾಮಿನ ನೀರೂ ಬಿಟ್ರು, ಮಳೀನೂ ಹಿಡೀತು. ಗಟಾರದಾಗಿಂದನ ಹೊಳಿ ಮನ್ಯಾಗ ಬಂತು. ನನ್ನ ಮಷಿನ್ನು, ಮಂದಿ ಕೊಟ್ಟ ಅರಿವಿ, ಎಲ್ಲಾ ಕೆಸರಾಗ. ಮರುದಿನಾ ಈಕಿ ಬಂದು, 'ಲೆಕ್ಕ ತಪ್ಪಿದಾಕಿ ನಾನ' ಅಂದ್ಳು. ಅಷ್ಟಲ್ಲದ, ಇದ ಮನ್ಯಾಗ ಒಂದು ಕೋಲಿ ಬಾಡಿಗಿಗೆ ಕೊಡ್ರಿ ಅಂದ್ಳು! ಬೈದು ಕಳಿಸಿದ್ನಿ. ಮತ್ತ ಬಂದ್ಳು. ಕೊಟ್ನಿ. ಮುಂದಿನ ಸಲ ನೀರು ಬಂದ್ರ ಈಕಿದೂ ತೊಯ್ಲಿ ಅಂತ."

ಮೇಡಂ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿತ್ತು.

"ಆವಾಗ ನಾನೂ ಬ್ಯಾಸಗ್ಯಾಗ ಹೊಳಿ ನೋಡಿ ಬಂದಿದ್ನಿ," ಎಂದಷ್ಟೇ ಹೇಳಿ ಸಹಿ ಹಾಕಿಕೊಟ್ಟರು.

ಹೊಳೆ ಏರಿದಾಗ ತಾನೇ ಮುಚ್ಚಿಕೊಳ್ಳುವ ಕಬ್ಬಿಣದ ಬಾಗಿಲು ಆ ಓಣಿಯ ಚರಂಡಿಯ ಬಾಯಿಗೆ ಬೇಕಿತ್ತು. ಅದು ಮುಚ್ಚಿದಾಗ ಓಣಿಯ ಮಳೆನೀರು ನಿಲ್ಲಲು ಒಂದು ಹೊಂಡವೂ ಬೇಕಿತ್ತು. ಇವೆರಡಕ್ಕೆ ಅವರು ವರ್ಷಗಟ್ಟಲೆ ಅರ್ಜಿ ಹಿಡಿದು ತಿರುಗಿದರು. ಕೊನೆಗೆ ಆದವು. ಮುಂದೊಂದು ಮಳೆಗಾಲದಲ್ಲಿ ಹೊಳೆಯೂ ಮಳೆಯೂ ಮತ್ತೆ ಒಟ್ಟಿಗೇ ಬಂದವು. ಬೆಳಿಗ್ಗೆ ನಾನು ಹೋದಾಗ ಹೊಂಡ ತುಂಬಿ, ಓಣಿಯಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಯಾವ ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ಒಳಗೆ ಮನೆಯೊಡತಿ ಮಷಿನ್ ತುಳಿಯುತ್ತಿದ್ದರು. ಮೇಡಂ ಮುಖದಲ್ಲಿ ಖುಷಿಯೇನೂ ಕಾಣಲಿಲ್ಲ. "ಹೊಂಡ ಇನ್ನೊಂದೀಟು ದೊಡ್ಡದಿರಬೇಕಾಗಿತ್ತು, ಬರ್ಕೋ," ಎಂದರು.

ಹೋದ ವರ್ಷ ಅವರು ತೀರಿಕೊಂಡರು. ಹೃದಯದ ತೊಂದರೆ. ಅವರ ಕೆಲಸ ಈಗ ನನ್ನ ಮೇಲೆ ಬಂದಿದೆ.

ಈ ಮಳೆಗಾಲದಲ್ಲಿ, ಅಣೆಕಟ್ಟಿನ ಗೇಟು ತೆಗೆದ ಮರುದಿನ, ಆ ಮನೆಯೊಡತಿಯ ಫೋನು ಬಂತು.

"ಸರ, ಮೇಡಂ ಅವರು ಇದ್ದಾಗ ಮುಂಜಾನೆದ್ದು ಹೊಳಿಗೆ ಹೋಗಿ ನೋಡಿ ಬರ್ತಿದ್ರು. ಈಗ ನಾ ಹೋಗಾಕತ್ತೀನಿ. ಹೊಳಿ ದಂಡಿ ಮೆಟ್ಟಲ ಏಳು ಮುಳಗ್ಯಾವ. ಬರ್ಕೋರಿ."

ನಾನು ಪೆನ್ನು ಹುಡುಕಿ ಬರೆದುಕೊಳ್ಳುವವರೆಗೂ ಆಕೆ ಫೋನು ಇಡಲಿಲ್ಲ.